ಮೌನದ ಉಡಿ

ನಮ್ಮೂರಿನಲ್ಲಿ ಎಮ್ಮೆಗೆ ಮುಖ ತೋರಿಸಿ ಹಾಲು ಹಿಂಡುವುದಿಲ್ಲ, ಹೊಟ್ಟೆ ಕೇಳಿಸಿ ಹಿಂಡುತ್ತೇವೆ. ಬೆಳಗಾದರೆ ಚರಿಗೆ ಹಿಡಿದು ಎಮ್ಮೆಯ ಪಕ್ಕೆಗೆ ಹೊಟ್ಟೆ ತಾಗುವಂತೆ ಸ್ವಲ್ಪ ಹೊತ್ತು ನಿಲ್ಲಬೇಕು. ಅದು ಕಿವಿ ಹಿಂದಕ್ಕೆ ಮಾಡಿ ಕೇಳುತ್ತದೆ. ಹೌದು, ಇದು ನಮ್ಮ ಮನೆಯ ಹೊಟ್ಟೆಯೇ ಎಂದು ಖಾತ್ರಿಯಾದ ಮೇಲೆ ಮೊಲೆಗೆ ಹಾಲು ಇಳಿಸುತ್ತದೆ.

ಎಲ್ಲರ ಹೊಟ್ಟೆಗೂ ಒಂದೊಂದು ದನಿ. ನನ್ನದು ಎಣ್ಣೆ ಕಾಣದ ಬಂಡಿಯ ಗಾಲಿಯ ಹಾಗೆ ಎಳೆದೆಳೆದು ಕುಂಯ್ಗುಡುತ್ತದೆ. ನನ್ನ ಹೆಂಡತಿ ಸಾವಂತ್ರೆವ್ವನದು ಬೀಸುಕಲ್ಲಿನ ದನಿ. ಜೋಳ ಅರ್ಧ ನುರಿದಾಗ ಕಲ್ಲು ಹೇಗೆ ತುಂಬಿಕೊಂಡು ಗುನುಗುತ್ತದೋ ಹಾಗೆ. ಮದುವೆ ಮಾತುಕತೆಯಲ್ಲಿ ಹುಡುಗ ಹುಡುಗಿಯನ್ನು ಬೆನ್ನಿಗೆ ಬೆನ್ನು ಹಚ್ಚಿ ಕೂರಿಸಿ, ಹಿರಿಯರು ಚಹಾ ಕುಡಿದು ಮುಗಿಸುವ ತನಕ ಎರಡೂ ಹೊಟ್ಟೆ ಕೇಳುತ್ತಾರೆ. ನಮ್ಮ ಮದುವೆಯಲ್ಲಿ ಗಾಲಿಯೂ ಬೀಸುಕಲ್ಲೂ ಒಟ್ಟಿಗೆ ಕೂಡಿದಾಗ, "ಸುಗ್ಗಿ ಮನಿಗೆ ಬಂದಂಗಾತು ನೋಡ್ರಿ" ಎಂದು ನಮ್ಮ ಓಣಿಯ ಶಿವಲಿಂಗವ್ವ ಆಯಿ ತೀರ್ಪು ಕೊಟ್ಟಿದ್ದಳು. ನಮ್ಮೂರ ಮಕ್ಕಳು ಕಣ್ಣುಮುಚ್ಚಾಲೆ ಮಾತ್ರ ಆಡುವುದಿಲ್ಲ. ಆಡಿ ಉಪಯೋಗವಿಲ್ಲ.

ರೋಗಗಳೂ ಹೀಗೆಯೇ. ಕುರುವಾದರೆ ಖಾಲಿ ಡಬ್ಬಿಯಲ್ಲಿ ಸಿಕ್ಕಿಬಿದ್ದ ನೊಣದ ಸದ್ದು. ಎದೆಯಲ್ಲಿ ಕೀವು ಕಟ್ಟಿದರೆ ದೂರದಲ್ಲಿ ಹಿಟ್ಟಿನ ಗಿರಣಿ ನಡೆದಂತೆ. ಉಚ್ಚೆಯಲ್ಲಿ ಉರಿಯಿದ್ದರೆ ಕಾಯುವ ಕಿಟ್ಲಿಯಂತೆ ಸಣ್ಣಗೆ ಸಿಳ್ಳೆ; ಆ ಸಿಳ್ಳೆ ಕೇಳಿದರೆ ಹೆಣ್ಣುಮಕ್ಕಳು ಬಾವಿಕಟ್ಟೆಯಲ್ಲಿ ದಾರಿ ಬಿಟ್ಟುಕೊಡುತ್ತಾರೆ. ನೆಗಡಿಗೆ ಮಾತ್ರ ಸದ್ದಿಲ್ಲ. ಅದಕ್ಕೇ ನಮ್ಮೂರಲ್ಲಿ ನೆಗಡಿಯನ್ನು ರೋಗವೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ನೆಗಡಿ ಬಂದವನೊಬ್ಬನನ್ನು ಬಿಟ್ಟು.

ಪರವೂರಿನವರ ಹೊಟ್ಟೆ ಹಾಡುವುದಿಲ್ಲ. ಇಲ್ಲಿಯ ನೀರು ಕುಡಿದು, ಇಲ್ಲಿಯ ಮಜ್ಜಿಗೆ ಉಂಡು ಸ್ವಲ್ಪ ಕಾಲ ಕಳೆದರೆ ತಾನಾಗಿ ಶುರುವಾಗುತ್ತದೆ. ಸರಕಾರಿ ದವಾಖಾನೆಗೆ ಬಂದ ಡಾಕ್ಟರಬಾಯಿ ನಫೀಸಾ ಅವರಿಗೂ ಹಾಗೇ ಆಯಿತು. ಒಂದು ದಿನ ಯಾರದೋ ಬೆನ್ನಿಗೆ ಕೊಳವೆ ಇಟ್ಟು ಕೇಳುತ್ತ ಕೂತವರು ಗಕ್ಕನೆ ಎದ್ದು ತಮ್ಮ ಹೊಟ್ಟೆಯನ್ನೇ ನೋಡಿಕೊಂಡರು. ಗುಬ್ಬಿ ಉಸುಕಿನಲ್ಲಿ ಸ್ನಾನ ಮಾಡುವಂಥ ಸದ್ದು. ಹೊರಗೆ ಸಾಲಾಗಿ ಕೂತವರೆಲ್ಲ ಚಪ್ಪಾಳೆ ಹೊಡೆದರು. ಸಂಜೆಗೆ ಮನೆಮನೆಯಿಂದ ಅವರಿಗೆ ಹೋಳಿಗೆ ಹೋಯಿತು. ಅವತ್ತಿನಿಂದ ಅವರು ನಮ್ಮವರು.

ಕಣದಿಂದ ಎಮ್ಮೆಯ ಮೇವಿಗೆ ಜೋಳದ ಕಣಿಕೆ ಹೊರೆ ತರುವಾಗ ಸಾವಂತ್ರೆವ್ವನ ಹಿಮ್ಮಡಿಗೆ ಜಾಲಿ ಮುಳ್ಳು ನೆಟ್ಟಿತು. ಮುಳ್ಳು ಕಿತ್ತು ಬಿಸಾಕಿ ಕೆಲಸಕ್ಕೆ ಹತ್ತಿದಳು. ಆಮೇಲೆ ಗಾಯ ಹಾಡತೊಡಗಿತು. ಮೊದಲು ಸೊಳ್ಳೆಯಷ್ಟು. ಮರುದಿನ ಮದುವೆ ಮನೆಯಲ್ಲಿ ಸನಾದಿಯವನು ಊದುವ ಮುಂಚೆ ದನಿ ಸರಿಮಾಡಿಕೊಳ್ಳುತ್ತಾನಲ್ಲ, ಹಾಗೆ. ಕಾಲು ಕೆಂಪಗೆ ಊದಿತು, ಮುಟ್ಟಿದರೆ ಬಿಸಿ. ಸದ್ದು ಹಿಮ್ಮಡಿಯಿಂದ ಮೀನಖಂಡಕ್ಕೆ ಏರಿತು. ನಾನು ಅವಳನ್ನು ಬಂಡಿಯಲ್ಲಿ ಕೂರಿಸಿಕೊಂಡು ದವಾಖಾನೆಗೆ ಹೊರಟರೆ ದಾರಿಯಲ್ಲಿ ಜನ, "ಯಾರದೋ ಮದಿವಿ ದಿಬ್ಬಣ ಬಂತು" ಎಂದು ಬಾಗಿಲಿಗೆ ಬಂದು ನೋಡಿದರು.

ಡಾಕ್ಟರಬಾಯಿ ಕಾಲನ್ನು ಒತ್ತಿ ನೋಡಿದರು, ಕಿವಿಯಿಟ್ಟು ಕೇಳಿದರು. "ಹಿಂದ ಯಾವುದಾರ ಗುಳಿಗಿ ತಗೊಂಡಾಗ ಮೈಮ್ಯಾಲ ದದ್ದು ಎದ್ದಿತ್ತೇನವ್ವಾ? ಮಾರಿ ಊದಿತ್ತೇನು, ಉಸರು ಕಟ್ಟಿತ್ತೇನು?"

"ಉಸರು ಕಟ್ಟಿದ್ದು ಇವ್ರನ್ನ ಮದಿವಿ ಆದಾಗ ಒಮ್ಮೆರಿ" ಎಂದಳು ಸಾವಂತ್ರೆವ್ವ, ನನ್ನ ಕಡೆ ಗದ್ದ ತೋರಿಸಿ.

ಡಾಕ್ಟರಬಾಯಿ ನಕ್ಕು ಗುಳಿಗೆಯ ಪಟ್ಟಿ ಕೊಟ್ಟರು. "ಗಾಯದಾಗ ಸಣ್ಣ ಸಣ್ಣ ಜೀವ ಹೊಕ್ಕಾವ. ಕಣ್ಣಿಗೆ ಕಾಣೂದಿಲ್ಲ. ಅವಕ್ಕ ಮೈಸುತ್ತ ಗ್ವಾಡಿ ಇರ್ತೈತಿ. ನಮ್ಮ ಮೈಯಾಗಿನ ಕಣಕ್ಕ ಅಂಥಾ ಗ್ವಾಡಿ ಇಲ್ಲ. ಈ ಗುಳಿಗಿ ಅವು ಗ್ವಾಡಿ ಕಟ್ಟೂದನ್ನ ತಡೀತದ. ಗ್ವಾಡಿ ಇಲ್ಲಂದ್ರ ನೀರು ಒಳಗ ನುಗ್ಗಿ ಒಡದು ಸಾಯ್ತಾವ. ನಮಗೇನೂ ಆಗೂದಿಲ್ಲ. ಬ್ಯಾರೆ ನಮೂನಿ ಗುಳಿಗಿನೂ ಅದಾವ. ಕೆಲವು ಅವುಗಳ ಒಲಿ ಆರಸ್ತಾವ, ಕೆಲವು ಮರಿ ಹಾಕಾಕ ಬಿಡೂದಿಲ್ಲ. ನಿಮಗ ಈ ಗ್ವಾಡಿ ಗುಳಿಗಿ ಸಾಕು. ಆದ್ರ ಸದ್ದು ನಿಂತ್ರೂ ಬಿಡಬ್ಯಾಡ್ರಿ. ನಾ ಕೊಟ್ಟಷ್ಟೂ ಮುಗೀಬೇಕು."

ಸಾವಂತ್ರೆವ್ವ ಗುಳಿಗೆಯ ಪಟ್ಟಿಯನ್ನು ದೂರ ಹಿಡಿದು ಹೇಳಿದಳು. "ಬಾಯಾರ, ನಮ್ಮನಿ ಗ್ವಾಡಿ ಮಣ್ಣಿಂದು."

"ಅಯ್ಯ, ಇದು ಮನೀ ಗ್ವಾಡಿಗೆ ಏನೂ ಮಾಡೂದಿಲ್ಲವ್ವಾ."

"ಗುಳಿಗಿಗೆ ಏನು ಗೊತ್ತಿರ್ತೈತ್ರಿ ಯಾವ ಗ್ವಾಡಿ ಯಾರದು ಅಂತ" ಎಂದು ಅವಳು ದಾರಿಯುದ್ದಕ್ಕೂ ಗೊಣಗಿದಳು. ಮನೆಗೆ ಬಂದವಳೇ ಪಟ್ಟಿಯನ್ನು ಒಳಗೆ ತರದೆ ಹಿತ್ತಲ ಬೇವಿನ ಮರಕ್ಕೆ ಹಗ್ಗದ ನೆಲುವು ತೂಗುಕಟ್ಟಿ ಅದರಲ್ಲಿಟ್ಟಳು. ಊಟವಾದ ಮೇಲೆ ಕುಂಟುತ್ತ ಮರದಡಿಗೆ ಹೋಗಿ ನುಂಗಿ ಬರುವಳು. ಬಂದವಳು ಪಡಸಾಲೆಯ ಗೋಡೆಯನ್ನೊಮ್ಮೆ ಕೈಯಿಂದ ತಟ್ಟಿ ನೋಡುವಳು.

ಗುಳಿಗೆ ಒಳ್ಳೆಯದೇ ಇತ್ತು. ಸದ್ದು ಮೀನಖಂಡದಿಂದ ಇಳಿಯಿತು, ಹಿಮ್ಮಡಿಗೆ ಬಂತು, ಸೊಳ್ಳೆಯಾಯಿತು. ಪಟ್ಟಿ ಇನ್ನೂ ಅರ್ಧ ತುಂಬಿರುವಾಗಲೇ ಒಂದು ಬೆಳಿಗ್ಗೆ ಪೂರ್ತಿ ನಿಂತಿತು.

ನಮ್ಮೂರಿನಲ್ಲಿ ರೋಗದ ಸದ್ದು ಅಡಗಿದರೆ ಆ ಮನೆಯ ಹೆಣ್ಣುಮಗಳು ಮೌನದ ಉಡಿ ತುಂಬಬೇಕು. ಓಣಿಯ ಪ್ರತಿ ಮನೆಗೆ ಹೋಗಿ, ಆ ಮನೆಯ ಮುತ್ತೈದೆಯ ಸೆರಗಿನಲ್ಲಿ ಒಂದು ಕೊಬ್ಬರಿ ಬಟ್ಟಲು, ಒಂದು ಉತ್ತುತ್ತಿ, ಅದರೊಡನೆ ಉಳಿದ ಔಷಧದಲ್ಲಿ ಒಂದು ಪಾಲು. ನಮಗೆ ಗುಣವಾದದ್ದು ನಿಮಗೂ ಆಗಲಿ ಎಂದು. ಉಳಿದದ್ದನ್ನು ಒಬ್ಬಳೇ ತಿಂದು ಮುಗಿಸಿದವಳ ಕೈಯಿಂದ ಆಮೇಲೆ ಯಾರೂ ಹಸಿರು ಬಳೆ ಇಡಿಸಿಕೊಳ್ಳುವುದಿಲ್ಲ.

"ಬಾಯಾರು ಬ್ಯಾಡ ಅಂದಾರಲ್ಲ" ಎಂದೆ ನಾನು.

"ಬಾಯಾರು ಊರಿಗೆ ಹೊಸಬರು. ಈಗ ಹೊಟ್ಟಿ ಹಾಡಾಕ ಹತ್ತೈತಿ, ರೀತಿ ರಿವಾಜು ಕಲಿಯಾಕ ಇನ್ನಾ ಟೈಮ್ ಹಿಡೀತೈತಿ" ಎಂದು ಅವಳು ಇಳಕಲ್ ಸೀರೆ ಉಟ್ಟು, ಬುಟ್ಟಿ ಹಿಡಿದು ಹೊರಟೇಬಿಟ್ಟಳು. ಕುಂಟು ಹೋಗಿತ್ತು. ಹೆಣ್ಣು ಎಷ್ಟು ಚೆಂದ ನಡೆಯುತ್ತಾಳೆ ಎಂದು ನಾನೂ ನೋಡುತ್ತ ನಿಂತೆ.

ಪಕ್ಕದ ಮನೆಯ ದುರಗವ್ವನ ಉಡಿಗೂ ಒಂದು ಗುಳಿಗೆ ಬಿತ್ತು. ಅವಳ ಗಂಡ ಯಮನಪ್ಪ ನೆಗಡಿ ಮನುಷ್ಯ. ಸದ್ದಿಲ್ಲದ ರೋಗವಾದ್ದರಿಂದ ಯಾರೂ ಅವನಿಗೆ ಕನಿಕರ ತೋರಿಸಿರಲಿಲ್ಲ. ಅದೇ ಅವನಿಗೆ ನೆಗಡಿಗಿಂತ ದೊಡ್ಡ ಬೇನೆಯಾಗಿತ್ತು. ಹೆಂಡತಿಯ ಸೆರಗಿನಿಂದ ಗುಳಿಗೆ ತೆಗೆದು, "ನನ್ನ ಮೂಗಿನಾಗಿನ ಗ್ವಾಡಿನೂ ಒಂದೀಟು ಬೀಳ್ಲಿ" ಎಂದು ನುಂಗಿ ಮೇಲೆ ಉತ್ತುತ್ತಿ ತಿಂದ. ಉತ್ತುತ್ತಿಯ ಬೀಜ ಉಗುಳುವ ಮೊದಲೇ ಮೈ ತುಂಬ ದದ್ದು ಎದ್ದಿತು. ತುಟಿ ಬದನೆಕಾಯಿಯಂತೆ ದಪ್ಪಗಾಯಿತು. ಕಣ್ಣು ಮುಚ್ಚಿಹೋದವು. ಉಸಿರು ಗೊರಗೊರ ಎನ್ನತೊಡಗಿತು. ದುರಗವ್ವನ ಚೀರಾಟಕ್ಕೆ ಓಡಿ ಹೋದೆ. ಬಾಗಿಲ ಕದ ಕಿತ್ತು ಅದರ ಮೇಲೆ ಅವನನ್ನು ಮಲಗಿಸಿ ದವಾಖಾನೆಗೆ ಹೊತ್ತೆವು. ಡಾಕ್ಟರಬಾಯಿ ಅವನ ಮುಖ ನೋಡಿದ್ದೇ ಒಂದು ಮಾತೂ ಕೇಳದೆ ತೊಡೆಗೆ ಇಂಜೆಕ್ಷನ್ ಚುಚ್ಚಿದರು. ಬಹಳ ಹೊತ್ತಿನ ಮೇಲೆ ಯಮನಪ್ಪನ ಬದನೆಕಾಯಿ ತುಟಿ ಅಲುಗಿತು.

"ನೆಗಡಿ ಹೋತೇನ್ರಿ ಬಾಯಾರ?"

"ನೆಗಡಿ ಹೋಗಿಲ್ಲಪಾ, ನೀ ಹೋಗ್ತಿದ್ದಿ" ಎಂದರು ಡಾಕ್ಟರಬಾಯಿ. "ನೆಗಡಿ ಮಾಡೂ ವೈರಸ್ಸಿಗೆ ಗ್ವಾಡಿನ ಇಲ್ಲ. ಈ ಗುಳಿಗಿ ಏನು ಕೆಡವಬೇಕು? ಅದರ ಮ್ಯಾಲ ನಿನ್ನ ಮೈಗೆ ಇದು ಒಗ್ಗೂದಿಲ್ಲ. ಇನ್ನ ಮುಂದ ಯಾವ ಡಾಕ್ಟರ ಹತ್ರ ಹೋದ್ರೂ, ಈ ಗುಳಿಗಿ ನನಗ ಆಗೂದಿಲ್ಲ ಅಂತ ಮೊದಲ ಹೇಳ್ಬೇಕು."

ಯಮನಪ್ಪನಿಗೆ ಇದರಿಂದ ಬೇಸರವೇನೂ ಆಗಲಿಲ್ಲ. ಊರೆಲ್ಲ ಅವನನ್ನು ನೋಡಲು ಬಂದಿತ್ತು. ಕೊನೆಗೂ ಅವನಿಗೊಂದು ರೋಗ ಬಂದಿತ್ತು.

"ಅವನ ಕೈಗೆ ಈ ಗುಳಿಗಿ ಹೆಂಗ ಬಂತು?" ಎಂದು ಡಾಕ್ಟರಬಾಯಿ ಕೇಳಿದಾಗ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ನೆಲ ನೋಡಿದೆ. ನೆಲಕ್ಕೆ ಏನು ಗೊತ್ತಿತ್ತು.

ಉಡಿ ತುಂಬಿದ ಖುಷಿ ಆರುವ ಮೊದಲೇ ಸಾವಂತ್ರೆವ್ವನ ಕಾಲು ಮತ್ತೆ ಬಾಯಿಬಿಟ್ಟಿತು. ಈ ಸಲ ಸನಾದಿಯಲ್ಲ. ತಗ್ಗು ದನಿ. ಮನೆಯಲ್ಲಿದ್ದವರಿಗೇ ತಿಳಿಯದಂತೆ ಬೀಸುಕಲ್ಲಿನ ಗುನುಗಿನ ಕೆಳಗೆ ಅಡಗಿಕೊಂಡು, ಅದರ ಜೊತೆಜೊತೆಗೇ ಹಾಡುತ್ತಿತ್ತು. ಅವಳಿಗೆ ಚಳಿ ಬಂದು ಹಲ್ಲು ಕಟಕಟಿಸಿದಾಗಲೇ ನಮಗೆ ಗೊತ್ತಾದದ್ದು. ಅಷ್ಟರಲ್ಲಿ ಕೆಂಪು ಮೊಣಕಾಲಿನ ಹತ್ತಿರ ಬಂದಿತ್ತು.

"ಅದೇ ಗುಂಪು" ಎಂದರು ದವಾಖಾನೆಯಲ್ಲಿ ಡಾಕ್ಟರಬಾಯಿ, ಅವಳ ಕಾಲಿನಿಂದ ಕಿವಿ ಎತ್ತಿ. "ಸದ್ದು ನಿಂತಿದ್ದು ಎಲ್ಲಾ ಸತ್ತಿದ್ದಕ್ಕಲ್ಲ, ಕಡಿಮಿ ಆಗಿದ್ದಕ್ಕ. ಮೆತ್ತಗಿನವು ಸತ್ತು, ಗಟ್ಟಿ ಇದ್ದವು ಉಳದಾವ. ಈಗ ಅವುಗಳ ಮಕ್ಕಳು ಮೊಮ್ಮಕ್ಕಳು ಎಲ್ಲಾ ಗಟ್ಟಿ. ಹಳೇ ಗುಳಿಗಿ ನೋಡಿದ್ರ ನಗ್ತಾವ. ಎಲ್ಲಾ ಗುಳಿಗಿ ಯಾಕ ತಿನ್ನಲಿಲ್ಲವ್ವಾ ನೀ?"

ಸಾವಂತ್ರೆವ್ವ ಜ್ವರದಲ್ಲೇ ಎದ್ದು ಕೂತಳು. "ಒಬ್ಬಾಕಿನ ತಿನ್ನಾಕ ನಾ ಏನು ಬೆಕ್ಕೇನ್ರಿ?"

ಉಡಿಯ ಸಂಗತಿಯನ್ನು ನಾನೇ ಡಾಕ್ಟರಬಾಯಿಗೆ ಬಿಡಿಸಿ ಹೇಳಬೇಕಾಯಿತು. ಅವರು ಗಾಯದ ಕೀವನ್ನು ಕಡ್ಡಿಯಲ್ಲಿ ತೆಗೆದು, ಯಾವ ಔಷಧಕ್ಕೆ ಬಗ್ಗುತ್ತದೋ ಪರೀಕ್ಷೆ ಮಾಡಿಸಲು ಪಟ್ಟಣಕ್ಕೆ ಕಳಿಸಿದರು. ನನ್ನನ್ನು ಹೊರಗೆ ಕರೆದರು.

"ಫಕೀರಪ್ಪ, ಇದು ಮೊಣಕಾಲು ದಾಟಿತಂದ್ರ ಕಾಲು ಇಟಗೊಳ್ಳೂದು ಕಷ್ಟ. ರಕ್ತಕ್ಕ ಇಳೀತಂದ್ರ ಆಕಿನ್ನ ಇಟಗೊಳ್ಳೂದು ಕಷ್ಟ. ಇನ್ನೊಂದು ಸಲ ಉಡಿ ಗಿಡಿ ಅಂದ್ರ ನನ್ನ ಹತ್ರ ಮತ್ತ ಗುಳಿಗಿ ಇಲ್ಲ."

"ಬಾಯಾರ, ಆಕಿ ನನ್ನ ಮಾತು ಕೇಳಾಕಿ ಅಲ್ರಿ."

"ಮತ್ತ ಯಾರ ಮಾತು ಕೇಳ್ತಾಳ?"

ಯೋಚಿಸಿ ನಿಜ ಹೇಳಿದೆ. "ಕೆಂಚಿ ಮಾತು ಒಂದೀಟು ಕೇಳ್ತಾಳ್ರಿ." ಕೆಂಚಿ ನಮ್ಮ ಎಮ್ಮೆ.

ಹೊಸ ಔಷಧವನ್ನು ಮೊದಲು ನರಕ್ಕೆ ಬಾಟಲಿಯಿಂದ ಏರಿಸಿದರು, ಆಮೇಲೆ ಗುಳಿಗೆಗೆ ಇಳಿಸಿದರು. ಇದು ದೊಡ್ಡ ಔಷಧ. ಕಾಲಿನ ಸದ್ದು ಇಳಿಯಿತು. ಅದರ ಜೊತೆಗೆ ಸಾವಂತ್ರೆವ್ವನಿಗೆ ಹೊಟ್ಟೆ ತೊಳಸಿತು. ಬಾಯಿಗೆ ತುಕ್ಕಿನ ರುಚಿ. ಸಕ್ಕರೆ ಹಾಕಿದ ಚಹಾ ಕುಡಿದು, "ಕಬ್ಬಿಣದ ಹಾರಿ ತೊಳದ ನೀರು ಕೊಟ್ಟೀರಿ" ಎಂದು ಬೈದಳು. ಮೇಲಿಂದ ಮೇಲೆ ಭೇದಿ. ಮನೆಗೆ ಬಂದ ಮರುದಿನ ಮಧ್ಯಾಹ್ನ ಅವಳ ಪಕ್ಕದಲ್ಲಿ ಅಡ್ಡಾಗಿದ್ದ ನನಗೆ ಏನೋ ಕಳೆದುಹೋಗಿದೆ ಅನ್ನಿಸಿತು. ಎದ್ದು ಕಿಸೆ ನೋಡಿಕೊಂಡೆ, ಬಾಗಿಲು ನೋಡಿದೆ. ಆಮೇಲೆ ತಿಳಿಯಿತು. ಬೀಸುಕಲ್ಲು ನಿಂತಿತ್ತು.

ಡಾಕ್ಟರಬಾಯಿ ಹತ್ತಿರ ಓಡಿದೆ. "ಗಾಬರಿ ಆಗಬ್ಯಾಡ" ಎಂದರು. "ಹೊಟ್ಟಿಯೊಳಗ ನಮ್ಮ ಜೋಡಿ ಬಾಳ್ವೆ ಮಾಡೂ ಜೀವಗಳು ಲೆಕ್ಕ ಇಲ್ಲದಷ್ಟು ಅದಾವ. ಉಂಡಿದ್ದು ಕರಗಸೂವು ಅವು, ಹಾಡೂವೂ ಅವು. ಗುಳಿಗಿಗೆ ಒಳ್ಳೇವ್ರು ಕೆಟ್ಟವ್ರು ತಿಳಿಯೂದಿಲ್ಲ, ಎಲ್ಲಾರ ಮ್ಯಾಲೂ ಹೋಗ್ತೈತಿ. ಔಷಧ ಮುಗದ ಮ್ಯಾಲ ಹಳ್ಳಕ್ಕ ಮೀನು ಬಂದಂಗ ಮೆಲ್ಲಕ ಬರ್ತಾವ. ಭೇದಿ ಜಾಸ್ತಿ ಆದ್ರ, ರಕ್ತ ಕಂಡ್ರ, ತಡಾ ಮಾಡದ ಕರ್ಕೊಂಡು ಬಾ. ಗುಳಿಗಿ ಮಾತ್ರ ನಿಲ್ಲಸಬ್ಯಾಡ."

ಮೀನು ಬರುವವರೆಗೆ ಹಳ್ಳದಲ್ಲಿ ನಿಲ್ಲುವುದು ಎಷ್ಟು ಕಷ್ಟವೆಂದು ಡಾಕ್ಟರಬಾಯಿಗೆ ಗೊತ್ತಿರಲಿಲ್ಲ. ಹೊಟ್ಟೆ ಹಾಡದ ಮನುಷ್ಯ ನಮ್ಮೂರಿನ ಕಣ್ಣಿಗೆ ಬೀಳುವುದಿಲ್ಲ. ಯಾರೂ ಬೇಕೆಂದು ಮಾಡುವುದಲ್ಲ; ಪರವೂರಿನವರನ್ನು ಕಣ್ಣಿನಿಂದ ಗುರುತಿಸಿದರೂ ಊರಿನವರನ್ನು ಹೊಟ್ಟೆಯ ದನಿಯಿಂದಲೇ ಗುರುತಿಸಿ ರೂಢಿ. ಸಾವಂತ್ರೆವ್ವ ಅಂಗಡಿಗೆ ಹೋಗಿ ಎಣ್ಣೆ ಬಾಟಲಿ ಮುಂದೆ ಹಿಡಿದರೆ ಅಂಗಡಿಯವನು ಗಾಳಿಗೆ ಬಾಟಲಿ ಬಂತೇನೋ ಎಂಬಂತೆ ನೋಡಿದ. ಬಾವಿಕಟ್ಟೆಯಲ್ಲಿ ಹೆಂಗಸರು ಅವಳ ಎದುರಿಗೇ ಅವಳ ಬಗ್ಗೆ ಮಾತಾಡಿದರು. "ಪಾಪ, ಸಾವಂತ್ರೆವ್ವ ಒಳ್ಳೇಕಿ ಇದ್ದಳು ಬಿಡ್ರಿ." "ಬಾಯಿ ಒಂದೀಟು ಜೋರು." ಅವಳು ಕೊಡ ಕುಕ್ಕಿ, "ಇಲ್ಲೇ ನಿಂತೀನಿ ನಾ, ಸತ್ತಿಲ್ಲ!" ಎಂದು ಕೂಗಿದಳು. ಹೆಂಗಸರು ಬೆಚ್ಚಿದರು. ಬೆಚ್ಚಿದರೇ ಹೊರತು ಅವಳ ಕಡೆ ನೋಡಲಿಲ್ಲ. ಎಲ್ಲಿ ನೋಡಬೇಕೆಂದು ಅವರಿಗೆ ತಿಳಿಯಲಿಲ್ಲ. ಶಿವಲಿಂಗವ್ವ ಆಯಿ ನಮ್ಮ ಮನೆಗೆ ಬಂದು, ಪಕ್ಕದಲ್ಲೇ ಕೂತಿದ್ದ ಅವಳನ್ನು ಬಿಟ್ಟು ನನಗೆ ಹೇಳಿದಳು.

"ಫಕೀರ, ಕಾಲಿನ ಸದ್ದು ಅಡಗೇತಂತ ಕೇಳಿದೆ. ಉಡಿ ಯಾವಾಗ?"

"ಗುಳಿಗಿ ಮುಗಿಲಿ ಆಯಿ."

"ಮುಗದ ಮ್ಯಾಲ ಉಡಿಗೆ ಏನು ಹಾಕ್ತೀರೋ? ನಿನ್ನ ಹೆಂಡ್ತಿನ್ನ ಊರು ಮತ್ತ ಕೇಳ್ಬೇಕಂದ್ರ ಗುಳಿಗಿ ನಿಲ್ಲಸ್ರಿ, ಉಡಿ ತುಂಬ್ರಿ. ಹೊಟ್ಟಿ ತಾನ ಹಾಡ್ತೈತಿ."

ಆಯಿ ಹೋದ ಮೇಲೆ ಸಾವಂತ್ರೆವ್ವ ಹಿತ್ತಲಿಗೆ ಹೋಗಿ ನೆಲುವಿನಲ್ಲಿ ಉಳಿದ ಗುಳಿಗೆಗಳನ್ನು ಎಣಿಸಿದಳು. ಅವಳು ಎಣಿಸತೊಡಗಿದರೆ ನನಗೆ ಹೆದರಿಕೆ.

ಎಲ್ಲಕ್ಕಿಂತ ಹೆಚ್ಚು ಕೆಟ್ಟದ್ದು ಕೆಂಚಿ ಮಾಡಿದ್ದು. ಸಾವಂತ್ರೆವ್ವ ಚರಿಗೆ ಹಿಡಿದು ಪಕ್ಕೆಗೆ ಹೊಟ್ಟೆ ಹಚ್ಚಿ ನಿಂತಳು. ಎಮ್ಮೆ ಕಿವಿ ಹಿಂದಕ್ಕೆ ಮಾಡಿತು. ಕೇಳಿತು. ಮತ್ತೂ ಕೇಳಿತು. ಆಮೇಲೆ ಪಕ್ಕಕ್ಕೆ ಸರಿದು, ತನ್ನ ಮೈಗೆ ಏನು ತಾಗಿತೋ ಎಂದು ಮೂಸಿತು. ಹಾಲು ಇಳಿಸಲಿಲ್ಲ. ನಾನು ಹೋಗಿ ನಿಂತರೆ ನನ್ನ ಗಾಲಿಗೆ ಒಂದು ಲೋಟದಷ್ಟು ಕೊಟ್ಟಿತು, ಅದೂ ಮುಲಾಜಿಗೆ. ಕರು ಇದ್ದಾಗಿನಿಂದ ಅವಳೇ ಅಂಗೈಯಲ್ಲಿ ಬೆಲ್ಲ ತಿನ್ನಿಸಿ ಬೆಳೆಸಿದ ಎಮ್ಮೆ ಅದು. ಸಾವಂತ್ರೆವ್ವ ಖಾಲಿ ಚರಿಗೆಯನ್ನು ಬೋರಲು ಹಾಕಿ ಅದರ ಮೇಲೆ ಕೂತಳು.

ಮರುದಿನ ಗುಳಿಗೆಯ ಹೊತ್ತಿಗೆ ಬೇವಿನ ಮರದ ಕೆಳಗೆ ಅವಳಿರಲಿಲ್ಲ. ನೆಲುವಿನಲ್ಲಿ ಪಟ್ಟಿಯೂ ಇರಲಿಲ್ಲ. ಓಣಿಗೆ ಹೋದಳೇ ಎಂದು ಹೊರಗೆ ನೋಡಿದೆ, ಇಲ್ಲ. ಕೊಟ್ಟಿಗೆಗೆ ಹೋದರೆ ಅಲ್ಲಿದ್ದಳು. ಉಳಿದ ಗುಳಿಗೆಗಳನ್ನೆಲ್ಲ ಬಿಡಿಸಿ, ಹಿಂಡಿಯ ಉಂಡೆಯೊಂದರ ಮೇಲೆ ಲಡ್ಡುವಿಗೆ ಒಣದ್ರಾಕ್ಷಿ ಒತ್ತಿದಂತೆ ಒತ್ತಿಕೊಂಡು ಕೂತಿದ್ದಳು. ಕೆಂಚಿ ನಾಲಿಗೆ ಚಾಚಿ ಕಾಯುತ್ತಿತ್ತು.

"ಏ ಸಾವಂತ್ರಿ! ಏನು ಮಾಡಾಕ ಹತ್ತೀದಿ?"

"ಕೂಗಬ್ಯಾಡ್ರಿ, ಬೆಚ್ಚತೈತಿ." ಅವಳ ದನಿ ಶಾಂತವಾಗಿತ್ತು. "ಇದರ ಹೊಟ್ಟಿನೂ ಸುಮ್ಮನಾಗ್ಲಿ. ಆಗ ನಾನೂ ಇದೂ ಸರಿ ಆಗ್ತೀವಿ. ಇಬ್ರೂ ಸುಮ್ಮನಿದ್ದವರಿಗೆ ಒಬ್ರ ಗುರ್ತು ಒಬ್ರಿಗೆ ಹತ್ತೇ ಹತ್ತತೈತಿ."

ಡಾಕ್ಟರಬಾಯಿ ಹೇಳಿದ ಗೋಡೆಯ ಮಾತಿಗೆ, ಮೀನಿನ ಮಾತಿಗೆ ಅವಳು ಈಗ ಕಿವಿ ಕೊಡುವುದಿಲ್ಲ. ಕೈಯಿಂದ ಕಸಿದರೆ ಅವಳು ಬಿಡುವವಳಲ್ಲ. ಕೊನೆಗೆ ಗುಳಿಗೆ ಸಗಣಿಯಲ್ಲಿ ಬಿದ್ದರೆ ಅವಳ ಕಾಲೇ ಹೋಯಿತು. ಸುಮ್ಮನೆ ಹೋಗಿ ಕೆಂಚಿಯ ಇನ್ನೊಂದು ಮಗ್ಗುಲಲ್ಲಿ ಕೂತೆ.

"ಕೊಡೂದಾದ್ರ ಕೊಡು. ಕೊಡೂಕ್ಕಿಂತ ಮೊದಲ ಅದರ ಹೊಟ್ಟಿ ಒಮ್ಮೆ ಕೇಳು. ಇನ್ನ ಮ್ಯಾಲ ಕೇಳೂದಿಲ್ಲಲ್ಲ."

ಅವಳು ನನ್ನನ್ನು ದುರುಗುಟ್ಟಿ ನೋಡಿ, ಎಮ್ಮೆಯ ಎಡ ಪಕ್ಕೆಗೆ ಕಿವಿ ಹಚ್ಚಿದಳು. ನಾನೂ ಈ ಕಡೆಯಿಂದ ಹಚ್ಚಿದೆ. ಮನುಷ್ಯರ ಹೊಟ್ಟೆಯಲ್ಲಿ ಒಂದು ದನಿಯಿದ್ದರೆ ಎಮ್ಮೆಯ ಹೊಟ್ಟೆ ಒಂದು ಊರು. ಒಳಗೆ ಸಂತೆ ಕೂಡಿತ್ತು. ಗುಡುಗು ಉರುಳುತ್ತಿತ್ತು, ಅದರ ಕೆಳಗೆ ಭಜನೆ, ಅದರ ಕೆಳಗೆ ಯಾರೋ ಸಾವಿರ ಮಂದಿ ಒಟ್ಟಿಗೆ ಕಾಳು ಕೇರುತ್ತಿದ್ದಂತೆ. ಬೆಳಿಗ್ಗೆ ತಿಂದ ಒಣ ಕಣಿಕೆಯನ್ನು ಹಾಲು ಮಾಡುವ ಕೆಲಸ ನಡೆದಿತ್ತು. ಕಟ್ಟಿಗೆಯಂಥ ಕಣಿಕೆ ಹಾಲಾಗುವುದು ಈ ಮಂದಿಯಿಂದಲೇ, ಎಮ್ಮೆ ಬರೀ ಕೊಟ್ಟಿಗೆ ಎಂದು ನನಗೆ ಅವತ್ತು ಅನ್ನಿಸಿತು.

ಸಾವಂತ್ರೆವ್ವ ಬಹಳ ಹೊತ್ತು ಕೇಳಿದಳು. ಕೆಂಚಿ ಹಿಂಡಿಗಾಗಿ ಅವಳ ಭುಜ ನೆಕ್ಕಿತು.

"ಇಷ್ಟೂ ಮಂದಿ ಸಾಯ್ತಾರೇನ್ರಿ?"

"ಗುಳಿಗಿಗೆ ಒಳ್ಳೇವ್ರು ಕೆಟ್ಟವ್ರು ತಿಳಿಯೂದಿಲ್ಲಂತ."

"ಆಮ್ಯಾಲೆ ಇದು ಮೆಲಕ ಹಾಕೂದು ಹೆಂಗ?"

"ಹಾಕೂದಿಲ್ಲ. ಎಮ್ಮಿ ಇರೂದ ಅದರ ಮ್ಯಾಲ."

ಅವಳು ಉಂಡೆಯನ್ನು ಕೈಯಲ್ಲಿ ತಿರುಗಿಸಿದಳು. ಒಂದೊಂದೇ ಗುಳಿಗೆ ಉಗುರಿನಿಂದ ಕಿತ್ತಳು, ಸೆರಗಿಗೆ ಒರೆಸಿದಳು. ಅವತ್ತಿನದನ್ನು ಬಾಯಿಗೆ ಹಾಕಿಕೊಂಡು ನೀರಿಲ್ಲದೆ ನುಂಗಿ, ಉಳಿದವನ್ನು ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಿಂಡಿಯ ಉಂಡೆಯನ್ನು ತಿಪ್ಪೆಗೆ ಎಸೆದು ಕೆಂಚಿಗೆ ಬೇರೆ ಉಂಡೆ ಕಟ್ಟಿ ಕೊಟ್ಟಳು. "ನೀ ಗುರ್ತು ಹಿಡಿಲಿಲ್ಲಂದ್ರ ಏನಾತು ಮೂಳಿ, ನನಗ ನಿನ್ನ ಗುರ್ತು ಐತಿ" ಎಂದು ಅದರ ಹಣೆಗೆ ಮೆತ್ತಗೆ ಗುದ್ದಿದಳು.

ಅವತ್ತಿನಿಂದ ಗುಳಿಗೆ ಮುಗಿಯುವ ತನಕ ಅವಳು ಊರಿನಲ್ಲಿ ಇಲ್ಲದವಳಂತೆ ಇದ್ದಳು. ಬಾವಿಕಟ್ಟೆಯಲ್ಲಿ ತನ್ನ ಬಗ್ಗೆ ಆಡುವ ಮಾತು ಕೇಳಿ ಬಂದು ನನಗೆ ಹೇಳಿ ನಗುತ್ತಿದ್ದಳು. ಯಾರ ಮನೆಯ ಸೊಸೆ ಅತ್ತೆಗೆ ಏನು ಬೈದಳೆಂಬುದೂ ನಮ್ಮ ಮನೆಗೆ ಮೊದಲು ಬರತೊಡಗಿತು. ಕಡೆಯ ಗುಳಿಗೆ ನುಂಗಿದ ಮೇಲೆ ಡಾಕ್ಟರಬಾಯಿ ಕಾಲು ಒತ್ತಿ ನೋಡಿ, ಕಿವಿಯಿಟ್ಟು ಬಹಳ ಹೊತ್ತು ಕೇಳಿ, "ಒಂದೂ ಉಳಿದಿಲ್ಲವ್ವಾ. ಕಾಲು ನಿಂದು" ಎಂದರು.

"ಹೊಟ್ಟಿ?"

"ಅದೂ ನಿಂದೇ. ಇನ್ನಾ ಒಂದೀಟು ತಡೀಬೇಕು."

ಮನೆಗೆ ಬಂದವಳೇ ಇಳಕಲ್ ಸೀರೆ ತೆಗೆದಳು. ನಾನು, "ಉಡಿಗೆ ಹಾಕಾಕ ಏನೂ ಉಳಿದಿಲ್ಲಲ್ಲ" ಎಂದೆ. "ರೋಗದ ಸದ್ದು ಅಡಗೇತಿಲ್ಲೋ? ರೀತಿ ಅಂದ್ರ ರೀತಿ" ಎಂದು ಕೊಬ್ಬರಿ ಉತ್ತುತ್ತಿ ಬುಟ್ಟಿಗೆ ತುಂಬಿಕೊಂಡು ಹೊರಟಳು. ನಾನು ಹಿಂದೆ ಹೋದೆ. ಅವಳೊಬ್ಬಳೇ ಹೋದರೆ ಬಾಗಿಲು ತೆಗೆಯುವವರಾದರೂ ಯಾರು?

ಮೊದಲ ಮನೆ ದುರಗವ್ವನದು. ನನ್ನ ಗಾಲಿಯ ಸದ್ದಿಗೆ ಯಮನಪ್ಪ ಬಾಗಿಲು ತೆರೆದ. ದುರಗವ್ವ ಸೆರಗು ಒಡ್ಡಿದಳು. ಸೆರಗಿನಲ್ಲಿ ಕೊಬ್ಬರಿ ಬಿತ್ತು, ಉತ್ತುತ್ತಿ ಬಿತ್ತು. ಮೂರನೆಯದಕ್ಕೆ ಕಾದಳು. ಏನೂ ಬೀಳಲಿಲ್ಲ.

"ಅಕ್ಕಾ, ಔಷಧದ ಪಾಲು?" ಎಂದು ಗಾಳಿಗೆ ಕೇಳಿದಳು.

"ಎಲ್ಲಾ ತಿಂದೆ" ಎಂದಳು ಸಾವಂತ್ರೆವ್ವ. "ಒಬ್ಬಾಕೀನ."

ಯಮನಪ್ಪ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದ. "ಛೊಲೋ ಆತು ಬಿಡವ್ವಾ! ನಮ್ಮನಿ ಪಾಲೂ ನೀನ ತಿಂದಿದ್ದಕ್ಕ ಶರಣು."

ಆದರೆ ನಮ್ಮೂರಲ್ಲಿ ಇನ್ನೊಂದು ರೂಢಿಯಿದೆ. ಉಡಿ ಕಡಿಮೆಬಿದ್ದರೆ ಆ ಕೊರತೆಯನ್ನು ಉಡಿ ತುಂಬಿಸಿಕೊಂಡವಳು ತುಂಬಿ ಕಳಿಸಬೇಕು. ಇಲ್ಲವಾದರೆ ಎರಡೂ ಮನೆಗೆ ಒಳ್ಳೆಯದಲ್ಲ. ದುರಗವ್ವ ಒಳಗೆ ಹೋಗಿ ಕೈಗೆ ಸಿಕ್ಕಿದ್ದನ್ನು ತಂದಳು. ಬೆಳಗಿನ ಹೊತ್ತು, ಕೈಗೆ ಸಿಕ್ಕಿದ್ದು ಮೊಸರಿನ ಗಡಿಗೆ. ಒಂದು ಬಟ್ಟಲು ಮೊಸರು ಕೊಟ್ಟಳು, "ಹೆಪ್ಪಿಗಾತು" ಎಂದು. ಮುಂದಿನ ಮನೆಯಲ್ಲೂ ಅದೇ. ಅದರಾಚೆಯ ಮನೆಯಲ್ಲಿ ಹುಳಿ ಅಂಬಲಿ. ಶಿವಲಿಂಗವ್ವ ಆಯಿ ಮೂರನೆಯದು ಬೀಳದಿದ್ದಾಗ ಮುಖ ಕಿವುಚಿ, ನನ್ನನ್ನು ಶಪಿಸಿ, ಕಡೆಗೆ ತನ್ನ ಅಜ್ಜಿಯ ಕಾಲದಿಂದ ಹೆಪ್ಪು ಮುರಿಯದೆ ಬಂದ ಗಡಿಗೆಯ ಮಜ್ಜಿಗೆಯನ್ನೇ ಸುರಿದುಕೊಟ್ಟಳು. ಓಣಿ ಮುಗಿಯುವಷ್ಟರಲ್ಲಿ ನಾನು ಎರಡು ಕೈಯಲ್ಲಿ ಬಟ್ಟಲು, ತಲೆಯ ಮೇಲೆ ಗಡಿಗೆ ಹೊತ್ತು ಮೈಯೆಲ್ಲ ಹುಳಿ ವಾಸನೆ ಮಾಡಿಕೊಂಡಿದ್ದೆ.

ಎಸೆಯುವುದು ಪಾಪ. ಸಾವಂತ್ರೆವ್ವ ಎಲ್ಲವನ್ನೂ ಉಂಡಳು. ಒಂದೊಂದು ಊಟಕ್ಕೆ ಒಂದೊಂದು ಮನೆಯದು. ಡಾಕ್ಟರಬಾಯಿಯನ್ನು ಕೇಳಿದ್ದಕ್ಕೆ, "ಮಜ್ಜಿಗಿಂದನ ಬರ್ತಾವ ಅಂತ ಆಣಿ ಮಾಡಿ ಹೇಳಾಕ ಆಗೂದಿಲ್ಲ. ತಾವಾಗೇನೂ ಬರ್ತಾವ. ಕುಡದ್ರ ಕೆಡಕೇನಿಲ್ಲ" ಎಂದರು.

ಹೀಗೆ ಇರಲಾಗಿ ಒಂದು ಮುಂಜಾನೆ ನಾನು ಹಲ್ಲುಜ್ಜುತ್ತಿದ್ದಾಗ ಹೊರಗೆ ದಡಬಡ ಸದ್ದಾಯಿತು. ಬಾಗಿಲು ತೆರೆದರೆ ಅಂಗಳದಲ್ಲಿ ದುರಗವ್ವನ ಎಮ್ಮೆ. ಕಣ್ಣಿ ಹರಿದುಕೊಂಡು ಬಂದಿತ್ತು. ಅದರ ಹಿಂದೆ ಆಚೆಮನೆಯ ಎಮ್ಮೆ. ಅದರ ಹಿಂದೆ ಗೂಟವನ್ನೇ ಎಳೆದುಕೊಂಡು ಶಿವಲಿಂಗವ್ವ ಆಯಿಯ ಮುದಿ ಎಮ್ಮೆ. ಅದು ಹಾಲು ಬತ್ತಿ ಬಹಳ ಕಾಲವಾಗಿತ್ತು, ಆದರೂ ಬಂದಿತ್ತು. ಓಣಿಯ ಎಮ್ಮೆಗಳೆಲ್ಲ ನಮ್ಮ ಬಾಗಿಲಿಗೆ ಮುಖ ಮಾಡಿ ಕಿವಿ ಹಿಂದಕ್ಕೆ ಮಾಡಿ ನಿಂತಿದ್ದವು. ಒಂದೆರಡಕ್ಕೆ ನಿಂತಲ್ಲೇ ಹಾಲು ಸೋರುತ್ತಿತ್ತು.

ಸಾವಂತ್ರೆವ್ವ ಕೂದಲು ಕಟ್ಟಿಕೊಳ್ಳುತ್ತ ಹೊರಗೆ ಬಂದಳು. ಆಗ ನನಗೂ ಕೇಳಿಸಿತು. ಅವಳ ಹೊಟ್ಟೆ ಹಾಡುತ್ತಿತ್ತು. ದುರಗವ್ವನ ಹೊಟ್ಟೆಯ, ಕಾಳು ಅಳೆಯುವ ಕೊಳಗದ ಸದ್ದು ಅದರಲ್ಲಿತ್ತು, ಆಚೆಮನೆಯವಳ ಹೊಟ್ಟೆಯ ರಾಟಿ ಇತ್ತು, ಆಯಿಯ ಹೊಟ್ಟೆಯ ಹಳೆಯ ತೊಟ್ಟಿಲ ಜೀಕೂ ಇತ್ತು. ಇಡೀ ಓಣಿ ಅವಳೊಳಗೆ ಕೂತು ಬೆಳಗಿನ ಕೆಲಸಕ್ಕೆ ಹತ್ತಿತ್ತು.

ಎಮ್ಮೆಗಳ ಹಿಂದೆ ಅವುಗಳ ಒಡತಿಯರು ಓಡಿ ಬಂದರು. ಬಂದವರು ಗಕ್ಕನೆ ನಿಂತರು. "ಅಯ್ಯ ಸಾವಂತ್ರೆಕ್ಕ! ಯಾವಾಗ ಬಂದಿ?" ಎಂದಳು ದುರಗವ್ವ.

"ನಾ ಎಲ್ಲಿ ಹೋಗಿದ್ನೇ ಹುಚ್ಚೀ" ಎಂದಳು ಇವಳು. "ಬಾವಿಕಟ್ಟಿ ಮ್ಯಾಲ ನೀ ನನ್ನ ಬಾಯಿ ಜೋರು ಅಂದಿದ್ದು ನೆನಪೈತಿ. ಆಮ್ಯಾಲೆ ಮಾತಾಡೂಣು. ಈಗ ನಿನ್ನ ಎಮ್ಮಿ ಹಿಡಕೋ."

ಯಾವ ಎಮ್ಮೆಯೂ ಹಿಡಿತಕ್ಕೆ ಸಿಗಲಿಲ್ಲ. ಅವಳು ಅವುಗಳ ಮಧ್ಯೆ ದಾರಿ ಮಾಡಿಕೊಂಡು ನಮ್ಮ ಕೊಟ್ಟಿಗೆಗೆ ನಡೆದಳು. ಕುಂಟದೆ ನಡೆದಳು. ಎಮ್ಮೆಗಳು ಹಿಂದೆಯೇ ಹೋಗಿ ಕೊಟ್ಟಿಗೆಯ ಬಾಗಿಲಿಗೆ ಮುತ್ತಿದವು.

ಕೆಂಚಿ ಮಾತ್ರ ಕಣ್ಣಿ ಹರಿದಿರಲಿಲ್ಲ. ಮೂಲೆಯಲ್ಲಿ ಬಾಲ ತೋರಿಸಿ ನಿಂತಿತ್ತು. ಸಾವಂತ್ರೆವ್ವ ಚರಿಗೆ ಎತ್ತಿಕೊಂಡು ಅದರ ಪಕ್ಕೆಗೆ ಹೊಟ್ಟೆ ಹಚ್ಚಿದಳು. ಎಮ್ಮೆ ಕಿವಿ ಹಿಂದಕ್ಕೆ ಮಾಡಿತು. ಅಷ್ಟು ಸದ್ದಿನೊಳಗೆ ಅದು ಒಂದೊಂದನ್ನೇ ಬದಿಗೆ ಸರಿಸುತ್ತಿದೆ ಎಂದು ನನಗೆ ಅನ್ನಿಸಿತು: ಇದು ಕೊಳಗ, ಇದು ರಾಟಿ, ಇದು ತೊಟ್ಟಿಲು. ನಾನೂ ಕಿವಿಗೊಟ್ಟು ಹುಡುಕಿದೆ. ಎಲ್ಲದರ ಕೆಳಗೆ, ಬಹಳ ಕೆಳಗೆ, ಜೋಳ ಅರ್ಧ ನುರಿದ ಕಲ್ಲಿನಂಥದೊಂದು ಇತ್ತು. ಇತ್ತೋ, ನಾನೇ ಇರಲಿ ಎಂದುಕೊಂಡೆನೋ.

ಕೆಂಚಿ ಮೆಲಕು ನಿಲ್ಲಿಸಿತು. ಕತ್ತು ತಿರುಗಿಸಿ ಬಾಗಿಲಲ್ಲಿ ನಿಂತ ಓಣಿಯ ಎಮ್ಮೆಗಳನ್ನೆಲ್ಲ ಒಂದು ಸಲ ನೋಡಿ, ಹೂಂಕರಿಸಿತು. ಅವು ಒಂದೊಂದಾಗಿ ಹಿಂದೆ ಸರಿದವು. ಆಮೇಲೆ ಚರಿಗೆಯ ತಳಕ್ಕೆ ಮೊದಲ ಧಾರೆ ಬಿದ್ದ ಸದ್ದು ಕೇಳಿಸಿತು.